ಬ್ಯಾಟರಿ ಸೈಕಲ್ಲೂ ಮೋರಿ ಕಟ್ಟೆಯೂ

ನೆಟ್ಟಗಿದ್ದ ಸಂಸಾರಕ್ಕೆ ನಾನೇ ಕೈಯಾರೆ ಬ್ಯಾಟರಿ ಸೈಕಲ್ ತಂದು ಕಟ್ಟಿಕೊಂಡೆ. ಈಗ ಯಾರನ್ನು ಬೈಯಲಿ?

ಜೋಗೇಶ್ವರಿಯ ಗುಡ್ಡದ ನೆತ್ತಿಯ ಮೇಲೆ ನಮ್ಮ ಚಾಳು. ಒಂದು ಖೋಲಿ, ಒಂದು ಅಡುಗೆಮನೆ. ಅದರೊಳಗೆ ನಾನು, ನನ್ನ ಹೆಂಡತಿ ಶರಣವ್ವ, ಮಗ ಸಂತು, ಸೊಸೆ ಮಾಧುರಿ. ಅಲ್ಲಿ ಗಂಡ ಹೆಂಡತಿ ಗುಟ್ಟು ಮಾತಾಡಬೇಕೆಂದರೆ ಕಣ್ಣಲ್ಲೇ ಆಡಬೇಕು. (ನನಗೆ ಪೊರೆ ಬಂದ ಮೇಲೆ ಅದೂ ನಿಂತಿತು.) ಅದಕ್ಕೇ ದಿನಾ ಸಂಜೆ ಇಬ್ಬರೂ ಚೀಲ ಹಿಡಿದು ಕೆಳಗಿನ ಸಂತೆಗೆ ಇಳಿಯುತ್ತಿದ್ದೆವು. ಬರುವಾಗ ಅರ್ಧ ಏರಿನಲ್ಲಿ ಒಂದು ಮೋರಿ ಕಟ್ಟೆ. ಅಲ್ಲಿ ದಮ್ಮು ಆರಿಸಿಕೊಳ್ಳಲು ಕೂತರೆ ಶರಣವ್ವನ ಬಾಯಿ ಬಿಚ್ಚುತ್ತಿತ್ತು: ಸೊಸೆ ರೊಟ್ಟಿ ಸುಟ್ಟು ಕರಿ ಮಾಡಿದ್ದು, ಸಕ್ಕರೆ ಡಬ್ಬಿ ಕೈಗೆಟುಕದ ಗೂಡು ಸೇರಿದ್ದು, ಎಲ್ಲ.

ಶಾಲೆಯ ಮೆಟ್ಟಿಲು ತುಳಿಯದಿದ್ದರೂ ಲೇತ್ ಮಷೀನಿನ ಕರುಳು ಬಲ್ಲವನು ನಾನು. ಹೆಂಡತಿಯ ಮೊಣಕಾಲಿಗೆ ಮುಕ್ತಿ ಕೊಡಿಸೋಣವೆಂದು ಆ ಪುಷ್ಪಕ ವಿಮಾನ ತಂದೆ. ನೆಪಕ್ಕೆ ಪೆಡಲ್ ತುಳಿದರೆ ಸಾಕು, ಯಾರೋ ಹಿಂದಿನಿಂದ ಕೈಕೊಟ್ಟು ನೂಕಿದ ಹಾಗೆ ಏರು ಹತ್ತುತ್ತದೆ.

"ಛಲೋ ಆತ ಬಿಡ್ರಿ," ಎಂದಳು ಶರಣವ್ವ. "ಇನ್ನ ನಾ ಯಾಕ ಬರ್ಲಿ? ನೀವ ಹೋಗಿ ಬರ್ರಿ."

ಅಲ್ಲಿಗೆ ಮುಗಿಯಿತು. ಒಬ್ಬನೇ ಹೋದೆ, ಒಬ್ಬನೇ ಬಂದೆ. ಕಟ್ಟೆಯ ಮೇಲೆ ಕೂರೋಣವೆಂದರೆ ದಮ್ಮೇ ಹತ್ತುವುದಿಲ್ಲ. ದಮ್ಮು ಹತ್ತದ ಮುದುಕ ರಸ್ತೆ ಬದಿ ಒಬ್ಬನೇ ಕೂತರೆ ಜನ ಏನೆಂದಾರು?

ಕೊನೆಗೆ ಒಂದು ಸಂಜೆ ಬ್ಯಾಟರಿ ಬಿಚ್ಚಿ ಪಲಂಗದ ಕೆಳಗೆ ತಳ್ಳಿದೆ. "ಸೈಕಲ್ ಕೆಟ್ಟೈತಿ, ನೀನೂ ಬಾ," ಎಂದು ಮುಖ ಇಳಿಸಿದೆ. ಚೀಲ ನೇತುಹಾಕಲಿಕ್ಕಾದರೂ ಇರಲೆಂದು ಸೈಕಲ್ಲನ್ನೂ ನೂಕಿಕೊಂಡು ಮದುಮಗನಂತೆ ಹೊರಟೆ. ಬರುವಾಗ ಅದು ಹಟ ಹಿಡಿದ ಎಮ್ಮೆಯಾಯಿತು. ಬೆವರಿನಲ್ಲಿ ಮಿಂದು ಕಟ್ಟೆ ಮುಟ್ಟಿದೆ. ಆಹಾ, ಎಷ್ಟು ದಿನಕ್ಕೆ ದಮ್ಮು!

"ಹೇಳ, ಏನ್ ಸುದ್ದಿ?"

"ಏನೂ ಇಲ್ಲ."

"ಮಾಧುರಿ ಏನರೆ ಅಂದ್ಲೇನ?"

"ಯವ್ವಾ, ಬಂಗಾರದಂಥಾ ಹುಡುಗಿ! ನೀವು ಸಂತಿಗೆ ಹೋದ ಕೂಡ್ಲೆ ಇಬ್ರೂ ಚಾ ಮಾಡ್ಕೊಂಡು ಕುಂದರ್ತೀವಿ. ಮನಸಿನ್ಯಾಗಿಂದೆಲ್ಲಾ ಮಾತಾಡ್ತೀವಿ."

"ಯಾರ ಮ್ಯಾಲ?"

"ಸಂತು ಡ್ಯೂಟಿಗೆ ಹೋಗಿರ್ತಾನ. ಇನ್ನ್ಯಾರ ಉಳದ್ರು?"

ನನ್ನ ಬೆವರು ತಣ್ಣಗಾಯಿತು.

"ಬ್ಯಾಟರಿ ಪಲಂಗದ ಬುಡಕ ಐತಂತ ಆಕಿನ ತೋರ್ಸಿದ್ಲು. 'ಅತ್ತಿ, ಮಾಮಾ ನಾಟಕ್ ಮಾಡಾಕತ್ತಾರ, ಜಾನೇ ದೋ, ಇರ್ಲಿ ಬಿಡ್ರಿ, ಹೋಗಿ ಬರ್ರಿ' ಅಂದ್ಲು."

"ಗೊತ್ತಿದ್ದೂ ಬಂದ್ಯಾ?" ನನ್ನ ಎದೆ ತುಸು ಅರಳಿತು.

"ಬರದ ಏನ್ ಮಾಡ್ಲಿ? ನೀವೊಬ್ರ ತಂದ ಬದನಿಕಾಯಾಗ ಬರೇ ಹುಳಾ."

"ಅಲ್ಲಾ, ಇಷ್ಟ ವರ್ಷ ನನ್ನ ಮುಂದ ಹೇಳ್ತಿದ್ದಿ..."

"ನಿಮ್ಮ ಮುಂದ ಹೇಳೂದೂ ಒಂದ, ಈ ಕಟ್ಟಿ ಮುಂದ ಹೇಳೂದೂ ಒಂದ. ಬರೇ ಹೂಂ ಅಂತಿದ್ರಿ. ಆಕಿ ತಿರುಗಿ ಮಾತಾಡ್ತಾಳ." ಶರಣವ್ವ ಸೆರಗು ಕೊಡವಿ ಎದ್ದಳು. "ನಾ ಮುಂದ ಹೊಕ್ಕೀನಿ, ಚಾ ಆರ್ತೈತಿ. ನೀವು ಗಾಡಿ ನೂಕ್ಕೊಂಡು ಸಾವಕಾಶ ಬರ್ರಿ, ಆತಿಲ್ಲ?"

ಹೇಳಲಿಕ್ಕೆ ನನ್ನಲ್ಲಿ ಏನೆಲ್ಲ ಇತ್ತು. ಆ ಕಟ್ಟೆಗಾಗಿಯೇ ಇಡೀ ದಿನ ಸಂಜೆಯ ದಾರಿ ಕಾಯುತ್ತಿದ್ದೆ ಎನ್ನಬೇಕಿತ್ತು. ಬಾಯಿ ತೆರೆದೆ.

"ಹೂಂ," ಎಂದೆ.