ಕಮಿಟಿ, ಬೂಟು ಮತ್ತು ನನ್ನ ಪಾದ

ಚೆಂಡು ಒದೆಯುವವನು ಬಿ.ಎ. ಆಗುವುದು ಈ ಜನ್ಮದಲ್ಲಿಲ್ಲ ಎಂದವರು ಶಿವಮೊಗ್ಗದ ಕೋಟೆ ಬೀದಿಯ ಕಾಫಿ ಹೋಟೆಲಿನ ರಂಗಣ್ಣನವರು. ಹಾಗೆನ್ನುತ್ತಲೇ ನನ್ನ ಎಲೆಗೆ ಇನ್ನೊಂದು ದೋಸೆ ಹಾಕುತ್ತಿದ್ದುದರಿಂದ ನಾನು ವಾದಕ್ಕೆ ಹೋಗಲಿಲ್ಲ. ಕುಂಸಿ ಕಡೆಯ ಬೇಸಾಯದ ಮನೆಯಿಂದ ಬಂದು, ವಂಶದಲ್ಲೇ ಮೊದಲಿಗನಾಗಿ ಇಂಟರ್‌ಮೀಡಿಯೇಟ್ ಓದುತ್ತಿದ್ದ ನನಗೆ ಹಟ ಬೇಕಾದಷ್ಟಿತ್ತು. ಅದನ್ನು ಹೊರಗೆ ತೋರಿಸದಷ್ಟು ಹಸಿವೂ ಇತ್ತು.

ಅದು ಎರಡನೇ ಮಹಾಯುದ್ಧದ ಕಾಲ. ನಮ್ಮ ಕಾಲೇಜಿನ ಫುಟ್‌ಬಾಲ್ ತಂಡವನ್ನು ಸಾಕುತ್ತಿದ್ದವರು ಪೇಟೆಯವರು. ಒಬ್ಬರು ಹಾಲು, ಒಬ್ಬರು ಬಾಳೆಹಣ್ಣು, ಗೋಲು ಹೊಡೆದವನಿಗೆ ರಂಗಣ್ಣನವರ ತುಪ್ಪದ ದೋಸೆ. ದೋಸೆಯ ಆಸೆಗೆ ನಮ್ಮ ಗೋಲ್‌ಕೀಪರನೂ ಕಂಬ ಬಿಟ್ಟು ಮುಂದಕ್ಕೆ ಓಡತೊಡಗಿದ ಮೇಲೆ ಪ್ರಿನ್ಸಿಪಾಲರು ಒಂದು ನೋಟೀಸು ಅಂಟಿಸಿದರು: ಆಟಗಾರರು ಹೊರಗಿನವರಿಂದ ಏನನ್ನೂ ಪಡೆಯಕೂಡದು, ಕೊಡುವವರು ಕಮಿಟಿಗೆ ಕೊಡಲಿ, ಕಮಿಟಿ ಹನ್ನೊಂದು ಮಂದಿಗೂ ಸಮನಾಗಿ ಹಂಚುತ್ತದೆ, ತಪ್ಪಿದವನಿಗೆ ನಡತೆಯ ಸರ್ಟಿಫಿಕೇಟು ಇಲ್ಲ. ಆ ಸರ್ಟಿಫಿಕೇಟು ಇಲ್ಲದಿದ್ದರೆ ಮೈಸೂರಿನಲ್ಲಿ ಬಿ.ಎ.ಗೆ ಸೇರಿಸಿಕೊಳ್ಳುತ್ತಿರಲಿಲ್ಲ.

ಪೇಟೆಗೆ ಇದು ಹಿಡಿಸಲಿಲ್ಲ. ಕಮಿಟಿಯ ಕಾರ್ಯದರ್ಶಿ ನಮ್ಮ ಕೆಮಿಸ್ಟ್ರಿ ಮೇಷ್ಟರು. ಅವರು ಪ್ರತಿ ಶನಿವಾರ ರೈಲು ಹತ್ತಿ ಭದ್ರಾವತಿಗೆ ಹೋಗುತ್ತಿದ್ದರು. ನಮ್ಮ ಬದ್ಧವೈರಿಗಳೋ ಭದ್ರಾವತಿಯ ಕಾರ್ಖಾನೆ ತಂಡ.

"ಮೇಷ್ಟ್ರ ಮಾವನ ಮನೆ ಅಲ್ಲೇ ಅಂತೆ ಮಾರಾಯ," ಎಂದರು ರಂಗಣ್ಣನವರು, ದೋಸೆ ಮಗುಚುತ್ತ. "ನಮ್ ಹುಡುಗ್ರನ್ನ ಒಣಗ್ಸಿ ಅಳಿಯತನ ತೀರಿಸ್ತಿದಾರೆ."

"ಮಾವನ ಮನೆಗೆ ಹೋಗೋದು ತಪ್ಪಾ ರಂಗಣ್ಣೋರೆ?" ಎಂದೆ.

"ಪ್ರತಿ ವಾರ ಹೋಗ್ತಾರಲ್ಲೋ. ಯಾವ ಗಂಡಸು ಸುಮ್ಸುಮ್ನೆ ಹೋಗ್ತಾನೆ?"

ನನ್ನ ತಪ್ಪು ಇಷ್ಟು. ಭದ್ರಾವತಿ ಪಂದ್ಯದ ಹಿಂದಿನ ದಿನ ಸೈಕಲ್ ಷಾಪಿನ ಸತ್ತಾರ್ ಸಾಹೇಬರು ಒಂದು ಜೊತೆ ಬೂಟನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು. "ರಖ್ಖೋ ಬೇಟಾ, ಇಟ್ಕೋ. ಕಮಿಟಿಗೆ ಕೊಟ್ರೆ ಅದ್ರ ದಾರಾನೂ ಹನ್ನೊಂದು ತುಂಡು ಮಾಡ್ತಾರೆ." ನಾವೆಲ್ಲ ಬರಿಗಾಲಲ್ಲಿ ಆಡುತ್ತಿದ್ದ ಕಾಲ, ಬೇಡವೆನ್ನಲು ಬಾಯಿ ಬರಲಿಲ್ಲ. ಅದನ್ನು ಹಾಸ್ಟೆಲಿನ ಟ್ರಂಕಿನಲ್ಲಿಟ್ಟೆ. ಪಂದ್ಯವನ್ನು ಬರಿಗಾಲಲ್ಲೇ ಆಡಿ ಸೋತೆವು. ಸೋತ ಸಿಟ್ಟಿನಲ್ಲಿ ರಂಗಣ್ಣನವರು ಕಮಿಟಿಯ ಬಣ್ಣ ಬಯಲುಮಾಡಲೆಂದು ಪ್ರಿನ್ಸಿಪಾಲರಿಗೆ ಅರ್ಜಿ ಬರೆದರು: ನಿಯಮವೆಲ್ಲ ಬರೀ ನಾಟಕ, ಕಮಿಟಿಯ ಮೂಗಿನಡಿಯಲ್ಲೇ ಬೂಟುಗಳು ಬರುತ್ತಿವೆ, ಅನುಮಾನವಿದ್ದರೆ ಇಂಥವನ ಟ್ರಂಕು ತೆಗೆಸಿ ನೋಡಿ. ಇಂಥವನೆಂದರೆ ನಾನು. ಮೇಷ್ಟರಿಗೆ ಗುರಿಯಿಟ್ಟು ಹೊಡೆದದ್ದು ನನಗೆ ತಗಲುತ್ತದೆಂದು ಅವರಿಗೆ ಹೊಳೆದೇ ಇರಲಿಲ್ಲ. ಬೂಟಿನ ಗುಟ್ಟನ್ನು ಅವರಿಗೆ ಹೇಳಿದವನೂ ನಾನೇ. ದೋಸೆಯೆದುರು ನನ್ನ ಬಾಯಿ ನಿಲ್ಲುವುದಿಲ್ಲ.

ಪ್ರಿನ್ಸಿಪಾಲರ ಮೇಜಿನ ಮೇಲೆ ಬೂಟು ಕೂತಿತ್ತು, ಪಕ್ಕದಲ್ಲಿ ಕೆಮಿಸ್ಟ್ರಿ ಮೇಷ್ಟರು ನಿಂತಿದ್ದರು.

"ತಗೊಂಡ್ಯಾ?"

"ತಗೊಂಡೆ ಸಾರ್."

"ಹಾಕ್ಕೊಂಡ್ಯಾ?"

"ಇಲ್ಲ ಸಾರ್."

"ನಿಯಮಕ್ಕೆ ಹೆದರಿ?"

"ಅಲ್ಲ ಸಾರ್. ಕಾಲಿಗೆ ಹಿಡೀಲಿಲ್ಲ."

ನಂಬದೆ, ಹಾಕಿ ತೋರಿಸೆಂದರು. ಗದ್ದೆಯ ಕೆಸರು ತುಳಿದು ಬೀಸಣಿಗೆಯಂತೆ ಅಗಲವಾದ ನನ್ನ ಪಾದದ ಮೂರು ಬೆರಳು ಒಳಗೆ ಹೋದವು, ಎರಡು ಹೊರಗೇ ನಿಂತವು. ಕೆಮಿಸ್ಟ್ರಿ ಮೇಷ್ಟರು ಮಂಡಿಯೂರಿ ಹಿಮ್ಮಡಿಯನ್ನು ತಳ್ಳಿಯೂ ನೋಡಿದರು. ಕೊನೆಗೆ ಬೆವರೊರೆಸಿಕೊಂಡು, "ಸಾರ್, ಇವನು ಇದನ್ನ ಪಡೆದ ಅನ್ನೋಕಾಗಲ್ಲ. ಹೊತ್ತ, ಅಷ್ಟೆ," ಎಂದರು. ಪ್ರಿನ್ಸಿಪಾಲರು ನಕ್ಕರು. ನನ್ನ ಎದೆಯ ಮೇಲಿಂದ ಹೇರುಗಾಡಿಯೊಂದು ಇಳಿದಂತಾಯಿತು. ಬೂಟು ಕಮಿಟಿಗೆ ಸೇರಿತು. ಒಂದು ಜೊತೆಯನ್ನು ಹನ್ನೊಂದು ಮಂದಿಗೆ ಸಮನಾಗಿ ಹಂಚುವ ಬಗೆಗೆ ಹಲವು ಸಭೆಗಳು ನಡೆದವಂತೆ. ಬಲಗಾಲಿನದು ಭದ್ರಾವತಿಗೆ ಹೋಯಿತೆಂದು ರಂಗಣ್ಣನವರು ಕೊನೆಯವರೆಗೂ ನಂಬಿದ್ದರು.

ಮುಂದೆ ಮೈಸೂರಿನಲ್ಲಿ ಪದವಿಯೂ ಬಂತು. ಆದರೆ ಅದಕ್ಕಿಂತ ದೊಡ್ಡದೆನಿಸಿದ್ದು ನಡತೆಯ ಸರ್ಟಿಫಿಕೇಟನ್ನು ಮೇಷ್ಟರು ಕೈಗಿತ್ತ ದಿನ. ಅಂದೇ ಊರಿಗೆ ಹೋಗಿ, ನನ್ನನ್ನು ಸಾಕಿದ ದೊಡ್ಡಮ್ಮನೆದುರು ನಿಂತು, ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿದೆ: "ಈತನ ನಡತೆ ಒಳ್ಳೆಯದು."

ದೊಡ್ಡಮ್ಮ ಕಾಗದವನ್ನು ಹಿಂದುಮುಂದು ತಿರುಗಿಸಿ ನೋಡಿದಳು.

"ಅವ್ರು ಎರಡೇ ವರ್ಷ ನೋಡಿ ಬರ್ಕೊಟ್ಟಿದಾರೆ ಕಣೋ. ನಾನು ನೀ ಹುಟ್ಟಿದಾಗಿಂದ ನೋಡ್ತಿದೀನಿ, ನಂಗಿನ್ನೂ ಧೈರ್ಯ ಬಂದಿಲ್ಲ."