ಕೋರ್ಸಿನಲ್ಲಿ ಕಡೆಗೆ ಉಳಿದವಳು

ಎಲ್ಲವೂ ಕ್ರಮವಾಗಿ, ಸರಿಯಾಗಿ ಆಗಬೇಕು ಎಂದು ಹಟ ಹಿಡಿಯುವವರನ್ನು ಹುಡುಕಿಕೊಂಡೇ ಇಂಥ ಪ್ರಸಂಗಗಳು ಬರುತ್ತವೆ. ಅಡ್ಡಾದಿಡ್ಡಿ ಬದುಕುವವರಿಗೂ ಆಗುತ್ತಿರಬಹುದು, ಆದರೆ ಅವರಿಗೆ ಗೊತ್ತಾಗುವುದಿಲ್ಲ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಮಾತನಾಡುವಾಗ ಬಾಯಿ ಎಷ್ಟು ತೆರೆಯಬೇಕೆಂಬುದನ್ನು ಅಲ್ಲಿಯ ಸಿಸ್ಟರ್ ಎರಡು ಬೆರಳು ಹಿಡಿದು ಅಳೆದು ಕಲಿಸಿದ್ದರು. ಗಡಹಿಂಗ್ಲಜದ ಕಾಲೇಜೊಂದರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತಳಾದೆ. ಆಮೇಲೆ ಕೊಲ್ಹಾಪುರದ ಒಂದು ವಿದ್ಯಾಪೀಠದವರು ಕರೆಸಿ, ‘ಸಭ್ಯ ಸಂಭಾಷಣೆ’ ಎಂಬ ಎಂಟು ವಾರದ ಆನ್‌ಲೈನ್ ಕೋರ್ಸು ಮಾಡಿಕೊಡಿ ಎಂದರು. ಯಾರು ಬೇಕಾದರೂ, ಎಲ್ಲಿ ಕೂತಾದರೂ, ಪುಕ್ಕಟೆ ಕಲಿಯಬಹುದಾದ ಕೋರ್ಸು. ಪ್ರತಿ ಮಾತನ್ನೂ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಮರಾಠಿಯಲ್ಲಿ ಹೇಳಬೇಕು.

ಒಂದು ಷರತ್ತು ಇತ್ತು. ಮೊದಲ ವರ್ಷ ಪ್ರಯೋಗಕ್ಕೆ. ವರ್ಷದ ಕೊನೆಗೆ ಮೌಲ್ಯಮಾಪನ ಸಮಿತಿ ಕೂರುತ್ತದೆ. ಒಬ್ಬರಾದರೂ ಎಂಟು ವಾರ ಮುಗಿಸಿ ಪಾಸಾಗದಿದ್ದರೆ ಕೋರ್ಸು ಬಂದ್.

“ಒಬ್ಬರೇ?” ಎಂದು ನಕ್ಕೆ. ನನ್ನ ತರಗತಿಯಿಂದ ಮೂವತ್ತು ವರ್ಷದಲ್ಲಿ ಯಾರೂ ನಡುವೆ ಎದ್ದು ಹೋಗಿರಲಿಲ್ಲ. ಬಾಗಿಲ ಬಳಿ ನಾನೇ ನಿಲ್ಲುತ್ತಿದ್ದೆ.

ಯಾರೂ ಎದ್ದು ನಿಲ್ಲಲಿಲ್ಲ

ವಿದ್ಯಾಪೀಠದ ಸ್ಟುಡಿಯೋ ಎಂದರೆ ಗೋಡೆಗೆಲ್ಲ ಸ್ಪಂಜು ಅಂಟಿಸಿದ ಒಂದು ಕೋಣೆ. ಒಂದು ದೀಪ, ಒಂದು ಕ್ಯಾಮೆರಾ, ಅದರ ಹಿಂದೆ ಗಡಿಯ ಕಡೆಯ ಹಳ್ಳಿಯಿಂದ ಬಂದ ಕ್ಯಾಮೆರಾದವನು. ಕನ್ನಡದವನು ಎಂಬುದೊಂದೇ ಸಮಾಧಾನ.

“ಚಾಲೂ ಮಾಡ್ರಿ ಮ್ಯಾಡಂ” ಎಂದ.

ನಾನು ಮಾಡಲಿಲ್ಲ. ಕ್ಲಾಸು ಎದ್ದು ನಿಂತು ‘ಗುಡ್ ಮಾರ್ನಿಂಗ್’ ಎನ್ನದೆ ನನಗೆ ಪಾಠದ ಮೊದಲ ಮಾತೇ ಹೊರಡುವುದಿಲ್ಲ. ಹಾಗೆಂದು ಹೇಳಿದೆ.

“ಕ್ಲಾಸ್ ಎಲ್ಲೈತ್ರಿ ಇಲ್ಲಿ? ನಾ ಒಬ್ಬಾವನ ಅದೇನಿ.”

“ಹಾಗಾದರೆ ನೀವೇ ಏಳಿ.”

ಆತ ಮೊದಲೇ ನಿಂತಿದ್ದ. ಪಾಪ, ನೆಲದ ಮೇಲೆ ಕೂತು, ಮತ್ತೆ ಎದ್ದು, “ಗುಡ್ ಮಾರ್ನಿಂಗ್ ಮ್ಯಾಡಂ” ಎಂದ. “ಗುಡ್ ಮಾರ್ನಿಂಗ್. ಕೂತುಕೊಳ್ಳಿ” ಎಂದು ನಾನು ಪಾಠ ಶುರು ಮಾಡಿದೆ. ನಲವತ್ತು ನಿಮಿಷ ಸೊಗಸಾಗಿ ಬಂತು. ಆಮೇಲೆ ನೋಡಿದರೆ ವಿಡಿಯೋದಲ್ಲಿ ನಾನಿಲ್ಲ. ಕ್ಯಾಮೆರಾ ಮೆಲ್ಲಗೆ ಬಾಗಿ, ಇಡೀ ಪಾಠದಲ್ಲಿ ಕಂಡದ್ದು ಮೇಜಿನ ಕಾಲು ಮತ್ತು ನನ್ನ ಚಪ್ಪಲಿ.

“ನೀವು ಕ್ಯಾಮೆರಾ ಹಿಡಿಯಲಿಲ್ಲವೇ?”

“ಕೂತ್ಕೊ ಅಂದ್ರಿ, ಕೂತೇನಿ. ಮತ್ತ ಏಳು ಅನ್ನಲೇ ಇಲ್ಲಲ್ರಿ!”

ಮತ್ತೆ ಶೂಟ್ ಮಾಡಬೇಕು ಎಂದೆ. “ಆವಾಜ ಚೊಲೊ ಬಂದೈತ್ರಿ, ಚಾಲ್ತಂಯ್ ಕೀ” ಎಂದ. ಇದು ಕೊಲ್ಹಾಪುರದ ಮಂತ್ರ. ‘ನಡೀತೈತಿ ಬಿಡ್ರಿ’ ಎಂದು ಅರ್ಥ. ಬಸ್ಸು ತಡವಾದರೂ ಚಾಲ್ತಂಯ್ ಕೀ, ಪತ್ರದಲ್ಲಿ ಹೆಸರು ತಪ್ಪಿದರೂ ಚಾಲ್ತಂಯ್ ಕೀ. ನನ್ನ ಜನ್ಮದಲ್ಲಿ ಆ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಪಾಠವನ್ನು ಮತ್ತೆ ಮಾಡಿಸಿಯೇ ಬಿಟ್ಟೆ.

ಮೂರನೇ ವಾರ ಮಾತ್ರ ನಾನು ಸೋತೆ. ಆತ ತಂಗಿಯ ಮದುವೆಗೆ ರಜೆ ಹಾಕಿದ್ದ. ವಿದ್ಯಾಪೀಠದವರು ಪರದೆಯ ಮೇಲೆ ಇಂಗ್ಲಿಷ್ ವಾಕ್ಯಗಳ ಪಟ್ಟಿ ಹಾಕಿ, ಅದರ ಮೇಲೆ ಬರೀ ನನ್ನ ಧ್ವನಿ ಸೇರಿಸಿದರು. ನಾನು ಬೇಡ ಎಂದೆ. ಅವರು ಏನೆಂದರೆಂದು ಬೇರೆ ಹೇಳಬೇಕಾಗಿಲ್ಲ.

ಎರಡು ಕಪ್ಪು ಚಹಾ

ಯಜಮಾನರು ಹೋಗಿ ನಾಲ್ಕು ವರ್ಷ. ಮನೆಯಲ್ಲಿ ಮಾತಿಲ್ಲದೆ ಇದ್ದರೆ ನಾಲಿಗೆಗೆ ತುಕ್ಕು ಹಿಡಿಯುತ್ತದೆ ಎಂದು ನಾನು ಕುಕ್ಕರಿನ ಜೊತೆ, ಕ್ಯಾಲೆಂಡರಿನ ಜೊತೆ, ದೂರದರ್ಶನದಲ್ಲಿ ತಪ್ಪು ಇಂಗ್ಲಿಷ್ ಮಾತನಾಡುವವರ ಜೊತೆ ಮಾತನಾಡುವ ರೂಢಿ ಇಟ್ಟುಕೊಂಡಿದ್ದೇನೆ. ಯಾರ ಜೊತೆಗಾದರೂ ಸರಿ, ಎರಡು ಬೆರಳು ಬಾಯಿ ತೆರೆದೇ ಮಾತು.

ನಾಲ್ಕನೇ ವಾರದ ಪಾಠ ‘ಅತಿಥಿ ಸತ್ಕಾರ’. ಸಂಜೆ ಅಡ್ಡಾಡುತ್ತ ಅಭ್ಯಾಸ ಮಾಡುತ್ತಿದ್ದೆ. “ದಯವಿಟ್ಟು ಒಳಗೆ ಬನ್ನಿ. ಪ್ರಯಾಣ ಸುಖವಾಗಿ ಆಯಿತೇ? ಇನ್ನೂ ಸ್ವಲ್ಪ ಕೂತುಕೊಳ್ಳಿ, ಇಷ್ಟು ಬೇಗ ಹೊರಟಿರಾ?” ಕಿಟಕಿ ತೆರೆದಿತ್ತು. ಹತ್ತು ನಿಮಿಷಕ್ಕೆ ಪಕ್ಕದ ಮನೆಯಾಕೆ ಬಾಗಿಲು ಬಡಿದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಎರಡು ಕಪ್ಪು ಚಹಾ, ನಾಲ್ಕು ಚಕ್ಕಲಿ.

“ಪಾವಣ್ಯಾರು ಬಂದಾರಲ್ರಿ ವೈನೀ? ಭಾಳ ದಿನಕ್ಕ ನಿಮ್ಮ ಮನಿಗೆ ಯಾರರ ಬಂದ್ರು, ನೋಡ್ರಿ. ನನಗೂ ಚೊಲೊ ಅನಿಸ್ತು.”

ಆಕೆಯ ಮುಖದಲ್ಲಿ ಅಷ್ಟು ಸಂತೋಷ ಕಂಡ ಮೇಲೆ ಯಾರೂ ಬಂದಿಲ್ಲ ಎನ್ನಲು ನನ್ನಿಂದಾಗಲಿಲ್ಲ. “ಸ್ನಾನಕ್ಕೆ ಹೋಗಿದ್ದಾರೆ” ಎಂದು ತಟ್ಟೆ ತೆಗೆದುಕೊಂಡು ಬಾಗಿಲು ಹಾಕಿಕೊಂಡೆ. ಎರಡೂ ಕಪ್ಪು ಕುಡಿದೆ. ಚಕ್ಕಲಿ ಎರಡು ನನಗೆ, ಎರಡು ಅತಿಥಿಗೆ. ಅತಿಥಿಯ ಪಾಲು ಆಮೇಲೆ ತಿಂದೆ.

ಮರುದಿನ ಆಕೆ ಕೇಳಿದಳು: “ಹೋದ್ರೇನ್ರಿ ಪಾವಣ್ಯಾರು? ಹೋಗೋದು ಕಾಣಲೇ ಇಲ್ಲ?”

“ಹೌದು” ಎಂದೆ. “ಭಾಳ ಸಭ್ಯರು. ಸದ್ದೇ ಮಾಡುವುದಿಲ್ಲ.”

ಬೀಗರ ಊರಿನ ಟಾಕಿ

ಇಂಥ ಕೋರ್ಸುಗಳಲ್ಲಿ ಎಲ್ಲರ ಉತ್ತರ ಪತ್ರಿಕೆಯನ್ನೂ ನಾನೇ ನೋಡುವುದಿಲ್ಲ. ಕಲಿಯುವವರೇ ಒಬ್ಬರದನ್ನೊಬ್ಬರು ತಿದ್ದಿ ಅಂಕ ಕೊಡಬೇಕು. ಪಕ್ಷಪಾತ ಆಗಬಾರದೆಂದು ಹೆಸರು ಕಾಣಿಸುವುದಿಲ್ಲ.

ಐದನೇ ವಾರಕ್ಕೆ ‘ಗ್ರಾಮ ಪಂಚಾಯತಿಗೆ ಒಂದು ಸಭ್ಯ ದೂರಿನ ಪತ್ರ’ ಬರೆಯಲು ಕೊಟ್ಟಿದ್ದೆ. ಇಚಲಕರಂಜಿಯ ಒಬ್ಬ ಬಟ್ಟೆ ವ್ಯಾಪಾರಿ, ಎರಡೇ ಸಾಲಿನ ಪತ್ರವೊಂದಕ್ಕೆ ಪೂರ್ತಿ ಅಂಕ ಕೊಟ್ಟಿದ್ದರು. ಅದರಲ್ಲಿ ‘ದಯವಿಟ್ಟು’ ಕೂಡ ಇರಲಿಲ್ಲ. ಫೋನು ಮಾಡಿದೆ.

“ಏನು ನೋಡಿ ಪೂರ್ತಿ ಅಂಕ ಕೊಟ್ಟಿರಿ?”

“ಮ್ಯಾಡಂ, ಅವರ ಊರು ನಮ್ಮ ಮನಿಯಾಕಿ ತವರೂರ್ರಿ. ಕಡಿಮಿ ಹಾಕಿದ್ರ ದೀಪಾವಳಿಗೆ ಯಾವ ಮಾರಿ ಹೊತ್ತು ಹೋಗ್ಲಿ?”

“ಹೆಸರೇ ಕಾಣುವುದಿಲ್ಲವಲ್ಲ, ಊರು ಹೇಗೆ ಗೊತ್ತಾಯಿತು?”

“ನೀರಿನ ಟಾಕಿ ಎಡಕ್ಕ ವಾಲೈತಿ ಅಂತ ಬರದಾರಲ್ರಿ. ಆ ಟಾಕಿ ಕೆಳಗ ನನ್ನ ಲಗ್ನ ಆಗೈತಿ.”

ಆ ವ್ಯಾಪಾರಿಯೂ ಆರನೇ ವಾರಕ್ಕೆ ಕೋರ್ಸು ಬಿಟ್ಟರು. ಬೀಗರ ಪತ್ರ ಇನ್ನೊಂದು ಬಂದರೆ ಗತಿಯೇನು ಎಂಬ ಹೆದರಿಕೆಯಂತೆ.

ಸೊನ್ನೆ

ಅವರೊಬ್ಬರೇ ಅಲ್ಲ. ಯಾರು ಎಷ್ಟು ನೋಡಿದರು ಎಂಬುದನ್ನು ತೋರಿಸುವ ಒಂದು ಪಟ್ಟಿ ನನ್ನ ಕಂಪ್ಯೂಟರಿನಲ್ಲಿ ಬರುತ್ತಿತ್ತು. ಮೊದಲ ವಾರ ಅದು ಜಾತ್ರೆಯಂತಿತ್ತು. ಎರಡನೇ ವಾರಕ್ಕೆ ಅರ್ಧ ಜನ ಹೋದರು. ದಿನಾ ಬೆಳಿಗ್ಗೆ ದೇವರ ದೀಪ ಹಚ್ಚಿದ ಮೇಲೆ ನಾನು ಆ ಪಟ್ಟಿ ತೆರೆಯುತ್ತಿದ್ದೆ. ದಿನಾ ಒಂದೆರಡು ಹೆಸರು ನಂದಿರುತ್ತಿದ್ದವು. ಬಾಗಿಲ ಬಳಿ ನಿಲ್ಲೋಣವೆಂದರೆ ಈ ತರಗತಿಗೆ ಬಾಗಿಲೇ ಇಲ್ಲ.

ಎಂಟನೇ ವಾರಕ್ಕೆ ಉಳಿದದ್ದು ಒಂದೇ ಹೆಸರು. ಇಚಲಕರಂಜಿ ಪಕ್ಕದ ಯಡ್ರಾವದ ಒಬ್ಬ ಹೆಣ್ಣುಮಗಳು. ಪ್ರತಿ ವಿಡಿಯೋವನ್ನೂ ಮೊದಲಿಂದ ಕಡೆಯವರೆಗೆ ನೋಡಿದ್ದಳು. ಕೆಲವನ್ನು ನಾಲ್ಕು ನಾಲ್ಕು ಸಲ. ತಿದ್ದಲು ಜೊತೆಗಾರರು ಉಳಿಯದ ಮೇಲೆ ಅವಳ ಉತ್ತರಗಳನ್ನು ನಾನೇ ತಿದ್ದಿದೆ. ಆ ಹೆಸರಿನ ಮುಂದೆ ಹಸಿರು ಚುಕ್ಕೆ ಕಂಡರೆ ನಾನು ಪರದೆಗೆ “ಗುಡ್ ಮಾರ್ನಿಂಗ್” ಎನ್ನುತ್ತಿದ್ದೆ. ನಾಚಿಕೆಯ ಮಾತು, ಆದರೆ ನಿಜ. ಕೆಲವು ದಿನ ನಾನು ಮಾತನಾಡಿಸಿದ್ದು ಅವಳೊಬ್ಬಳನ್ನೇ.

ಸಮಿತಿ ಕೂತಿತು. ಅಧ್ಯಕ್ಷರು ಕನ್ನಡಕ ಏರಿಸಿ ಅವಳ ಅಂಕ ನೋಡಿದರು. ಏಳು ವಾರ ಹತ್ತಕ್ಕೆ ಹತ್ತು. ಮೂರನೇ ವಾರ ಮಾತ್ರ ಸೊನ್ನೆ.

“ಇದು ನಕಲು” ಎಂದರು. “ಯಾರೋ ಬರೆದು ಕೊಡುತ್ತಿದ್ದಾರೆ. ಆ ವಾರ ಅವರು ಊರಲ್ಲಿರಲಿಲ್ಲ. ಪ್ರಮಾಣಪತ್ರ ಕೊಡಲಾಗದು. ಅಲ್ಲಿಗೆ ಪಾಸಾದವರು ಯಾರೂ ಇಲ್ಲ.”

“ನನ್ನ ವಿದ್ಯಾರ್ಥಿನಿ ನಕಲು ಮಾಡುವವಳಲ್ಲ” ಎಂದೆ.

“ನೀವು ಅವಳನ್ನು ನೋಡಿದ್ದೀರಾ ಮೇಡಂ?”

ನೋಡಿರಲಿಲ್ಲ. ಒಂದು ವಾರ ಸಮಯ ಕೊಟ್ಟರು.

ಸದ್ದಿನ ಒಳಗೆ

ಗಡಹಿಂಗ್ಲಜದಿಂದ ನಿಪ್ಪಾಣಿ, ಅಲ್ಲಿಂದ ಇಚಲಕರಂಜಿ, ಅಲ್ಲಿಂದ ಆಟೋ. ಇಸ್ತ್ರಿ ಮಾಡಿದ ಬಿಳಿ ಸೀರೆ ಉಟ್ಟಿದ್ದೆ. ಅವಳು ಕೊಟ್ಟ ವಿಳಾಸ ಮನೆಯದಲ್ಲ, ವಿದ್ಯುತ್ ಮಗ್ಗಗಳ ಒಂದು ಶೆಡ್ಡಿನದು. ಬಾಗಿಲಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್ ಸಿಕ್ಕ. ಹೆಸರು ಬರೆದ ಚೀಟಿ ತೋರಿಸಿದೆ. ಒಳಗೆ ಬನ್ನಿ ಎಂದು ಕೈಮಾಡಿದ.

ಒಳಗೆ ಕಾಲಿಟ್ಟದ್ದೇ ನನ್ನ ಧ್ವನಿ ನನಗೇ ಕೇಳಿಸದಾಯಿತು. ಖಟಾಖಟ್ ಖಟಾಖಟ್ ಎಂದು ಸಾಲು ಸಾಲು ಮಗ್ಗ, ನೆಲವೆಲ್ಲ ನಡುಗುತ್ತಿತ್ತು. ಹತ್ತಿಯ ಧೂಳು ಸೀರೆಗೆ, ಕೂದಲಿಗೆ, ಕನ್ನಡಕಕ್ಕೆ. ಇಷ್ಟು ಸದ್ದಿನಲ್ಲಿ ಯಾರಿಗೆ ಏನು ಕೇಳಿಸೀತು? ನಾಲ್ಕು ವರ್ಷದ ರೂಢಿ ತಾನಾಗಿ ಶುರುವಾಯಿತು.

ನಾನು ಬರುತ್ತಿರುವೆನೋ ಇಲ್ಲವೋ ಎಂದು ಜಾಬರ್ ತಿರುಗಿ ನೋಡಿದ. ಮಾತನಾಡುವಾಗ ಮುಗುಳ್ನಗಬೇಕು ಎಂಬುದು ನನ್ನ ಎರಡನೇ ವಾರದ ಪಾಠ. ಮುಗುಳ್ನಕ್ಕು, “ಈ ಅಂಗಿ ನೀರು ಕಂಡು ಒಂದು ತಿಂಗಳಾದರೂ ಆಗಿರಬೇಕು” ಎಂದೆ. ಆತನೂ ತಲೆದೂಗಿ ನಕ್ಕ. ಮುಂದಿನ ಮಗ್ಗದವನು ಎಲೆ ಅಡಿಕೆ ಅಗಿಯುತ್ತ ನನ್ನನ್ನೇ ನೋಡುತ್ತಿದ್ದ. “ಇವನು ಎಲೆ ಅಗಿಯುತ್ತಾನೋ, ಚಪ್ಪಲಿ ಅಗಿಯುತ್ತಾನೋ!” ಎಂದೆ. ಹೀಗೆ ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಹತ್ತು ಹನ್ನೆರಡು ಮಂದಿಯನ್ನು, ಒಬ್ಬೊಬ್ಬರಿಗೂ ಒಂದೊಂದು ಮುಗುಳ್ನಗೆ ಕೊಟ್ಟು, ವಿಚಾರಿಸಿಕೊಂಡಿದ್ದೆ.

ಕೊನೆಯಲ್ಲಿ ನೂಲಿನ ಕಾಂಡಿ ಸುತ್ತುವ ಯಂತ್ರ. ಅದರ ಮುಂದೆ ನಿಂತ ಹೆಣ್ಣುಮಗಳ ಎದುರಿಗೆ, ಕಾಂಡಿಯ ಡಬ್ಬಿಗೆ ಒರಗಿಸಿಟ್ಟ ಮೊಬೈಲು. ಅದರಲ್ಲಿ ನಾನು, ಎರಡು ಬೆರಳು ಬಾಯಿ ತೆರೆದು, ಸದ್ದಿಲ್ಲದೆ ಪಾಠ ಮಾಡುತ್ತಿದ್ದೆ. ಅವಳು ಮೊಬೈಲು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಮೊಬೈಲು ನೋಡಿದಳು. ಐದಾರು ನೂಲು ಒಟ್ಟಿಗೇ ಹರಿದವು.

ಹೊರಗೆ ಚಹಾ ಗಾಡಿಯ ಬಳಿ ಕೂತೆವು. ನಾನು ಸುತ್ತು ಬಳಸಲಿಲ್ಲ. “ಆ ಗದ್ದಲದಲ್ಲಿ ನಿಮಗೆ ಪಾಠ ಹೇಗೆ ಕೇಳಿಸುತ್ತದೆ?”

“ಕೇಳಂಗಿಲ್ರಿ ಮ್ಯಾಡಂ. ತುಟಿ ನೋಡ್ತೇನಿ. ಹನ್ನೆರಡು ವರ್ಷ ಆತು, ಶೆಡ್‌ನ್ಯಾಗ ನಾವು ಮಾತಾಡೋದ ಹಂಗ. ಮನ್ಯಾಗ ಮೊಬೈಲ ನೋಡಾಕ ಪುರಸೊತ್ತ ಎಲ್ಲಿ? ಇಲ್ಲೇ ಕೆಲಸ ಮಾಡಕೋಂತ ಕಲ್ತೇನಿ.”

“ಬೇರೆ ಕೋರ್ಸುಗಳೂ ಇದ್ದವಲ್ಲ?”

“ನೋಡೇನ್ರಿ. ಆ ಮಾಸ್ತರಗೋಳು ತುಟೀನ ಬಿಚ್ಚಂಗಿಲ್ಲ. ಒಬ್ಬರಿಗಂತೂ ಮೀಸಿ. ನೀವು ನೋಡ್ರಿ, ಬಾಯಿ ಹೆಂಗ ಚೊಲೊ ತಗೀತೀರಿ! ಮರಾಠಿ ಒಳಗ ಹೇಳಿದ್ದು ಒಂದಕ್ಷರ ಬಿಟ್ಟಿಲ್ಲ.”

ಅಷ್ಟು ವರ್ಷದಲ್ಲಿ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಚಹಾದ ಕಪ್ಪು ಕೆಳಗಿಟ್ಟೆ.

“ಮೂರನೇ ವಾರ?”

“ಆ ವಾರ ನಿಮ್ಮ ಮಾರೀನ ಇರಲಿಲ್ಲಲ್ರಿ! ಬರೇ ಇಂಗ್ಲಿಷ್ ಪಟ್ಟಿ. ನಿಮಗ ಆರಾಮ ಇಲ್ಲೇನೋ ಅಂತ ನನಗ ಕಾಳಜಿ ಹತ್ತಿತ್ತು. ಮುಂದಿನ ವಾರ ಬಂದ್ರಿ ನೋಡ್ರಿ, ಆವಾಗ ಜೀವ ನಿರಾಳ ಆತು.”

ನನಗೆ ಆರಾಮವಿಲ್ಲವೆಂದು ಯಡ್ರಾವದಲ್ಲಿ ಒಂದು ಜೀವ ಒಂದು ವಾರ ಚಿಂತೆ ಮಾಡಿತ್ತು. ನಾನು ಗಡಹಿಂಗ್ಲಜದಲ್ಲಿ ಕುಕ್ಕರಿನ ಜೊತೆ ಮಾತನಾಡುತ್ತಿದ್ದೆ.

ಸಮಿತಿ ಆಮೇಲೆ ಒಪ್ಪಿತು, ಮೂರನೇ ವಾರದ ಪಾಠವನ್ನು ನನ್ನ ಮುಖ ಕಾಣುವ ಹಾಗೆ ಮತ್ತೆ ತೆಗೆದರು, ಅವಳು ಬರೆದು ಪಾಸಾದಳು, ಕೋರ್ಸು ಉಳಿಯಿತು. ಆದರೆ ಆ ದಿನ ಚಹಾ ಗಾಡಿಯ ಬಳಿ ನನಗೆ ಇನ್ನೊಂದು ಯೋಚನೆ ಬಂತು. ತಡವಾಗಿ ಬಂತು.

“ತುಟಿ ನೋಡಿ ತಿಳಿಯುವುದು ನಿಮಗೊಬ್ಬರಿಗೇ ಬರುತ್ತದೆಯೇ?”

“ಇಲ್ರಿ, ಒಳಗ ಇದ್ದವರಿಗೆಲ್ಲಾ ಬರ್ತೈತಿ” ಎಂದು ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕುತ್ತಿತ್ತು.

“ಕನ್ನಡವೂ?”

“ಕನ್ನಡ ಮದಲ ಬರ್ತೈತ್ರಿ.”

ಸಭ್ಯ ಸಂಭಾಷಣೆ ಕಲಿಸುವವಳು ತಪ್ಪು ಮಾಡಿದರೆ ಎದುರು ನಿಂತು ಕ್ಷಮೆ ಕೇಳಬೇಕು. ಎಂಟನೇ ವಾರದ ಪಾಠ. ಎದ್ದು ಒಳಗೆ ಹೋದೆ. ಜಾಬರ್ ಅಷ್ಟರಲ್ಲಿ ಎಲ್ಲಿಂದಲೋ ತೊಳೆದ ಅಂಗಿ ತಂದು ಹಾಕಿಕೊಂಡು, ಕುತ್ತಿಗೆಯ ಗುಂಡಿಯವರೆಗೂ ಬಿಗಿದುಕೊಂಡು ನಿಂತಿದ್ದ. ಎಲೆಯವನ ಬಾಯಿ ಖಾಲಿ. ಪರೀಕ್ಷೆಗೆ ಕೂತ ಹುಡುಗನಂತೆ ತುಟಿ ಬಿಗಿಹಿಡಿದಿದ್ದ. ಮಗ್ಗಗಳು ಓಡುತ್ತಲೇ ಇದ್ದವು. ನಾನು ನಡುವೆ ನಿಂತು, ಧ್ವನಿಯಿಲ್ಲದೆ, ಎರಡು ಬೆರಳು ಬಾಯಿ ತೆರೆದು, “ತಪ್ಪಾಯಿತು. ದಯವಿಟ್ಟು ಕ್ಷಮಿಸಿ” ಎಂದೆ.

ಆಮೇಲೆ ಕಾಂಡಿ ಯಂತ್ರದ ಹೆಂಗಸರು ಸ್ಟೂಲಿನಿಂದ ಎದ್ದರು. ಮಗ್ಗದವರು ಬಾಗಿದ್ದ ಬೆನ್ನು ನೆಟ್ಟಗೆ ಮಾಡಿದರು. ಪ್ರತಿ ಪಾಠದ ಮೊದಲಿಗೆ ನಾನು ‘ಗುಡ್ ಮಾರ್ನಿಂಗ್. ಕೂತುಕೊಳ್ಳಿ’ ಎನ್ನುವುದನ್ನು ಅವಳ ಮೊಬೈಲಿನಲ್ಲಿ ಅವರೂ ನೋಡಿದ್ದರೆಂದು ಕಾಣುತ್ತದೆ. ಇಡೀ ಶೆಡ್ಡು ಒಟ್ಟಿಗೆ, ಸದ್ದಿಲ್ಲದೆ, ದೊಡ್ಡದಾಗಿ ಬಾಯಿ ತೆರೆದು ಹೇಳಿತು: “ಗುಡ್ ಮಾರ್ನಿಂಗ್ ಮ್ಯಾಡಂ.”

ಆಗ ಮಧ್ಯಾಹ್ನ ಮೂರು ಗಂಟೆ. ‘ಗುಡ್ ಆಫ್ಟರ್‌ನೂನ್’ ಎನ್ನಬೇಕು. ತಿದ್ದಲೆಂದು ಬಾಯಿ ತೆರೆದೆ. ತಿದ್ದಲಾಗಲಿಲ್ಲ. ಕಣ್ಣಿಗೆ ಹತ್ತಿಯ ಧೂಳು ಬಿದ್ದಿತ್ತು. ಕನ್ನಡಕ ಒರೆಸಿಕೊಳ್ಳುತ್ತ, ಯಾರಿಗೂ ಗೊತ್ತಾಗದ ಹಾಗೆ, ನನ್ನಷ್ಟಕ್ಕೇ ತುಟಿಯಲ್ಲೇ ಅಂದುಕೊಂಡೆ: “ಚಾಲ್ತಂಯ್ ಕೀ.”

ತಲೆಯೆತ್ತಿ ನೋಡಿದರೆ, ಇಡೀ ಶೆಡ್ಡು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.