ಗೌಡರ ಸೊಂಟಕ್ಕೆ ಸ್ಪ್ಯಾನಿಷ್ ಅಳತೆ

ಕೆಡಬಹುದಾದದ್ದು ಏನೇನೆಲ್ಲ ಇತ್ತು! ಅರವತ್ತಕ್ಕೆ ಸೆಸೆಂತಾ, ಎಪ್ಪತ್ತಕ್ಕೆ ಸೆತೆಂತಾ ಎನ್ನುವ ಭಾಷೆ ಈ ಸ್ಪ್ಯಾನಿಷ್. ನಡುವೆ ಒಂದು ಸೀನು ಬಂದರೆ ಕೋಟಿನ ಕಥೆ ಮುಗಿದಂತೆ. ಕತ್ತಿನ ಅಳತೆ ತೋಳಿಗೆ ಹೋಗಬಹುದಿತ್ತು. ಅಂಗಡಿಯಲ್ಲಿ ಅಳತೆ ಬರೆದುಕೊಳ್ಳುವ ನಮ್ಮ ಮುನಿಸ್ವಾಮಿ ಎಲ್ಲ ಮರೆತು ನನ್ನ ಮುಖ ನೋಡಬಹುದಿತ್ತು. ಗಿರಾಕಿಗೆ ಯಾವ ಪುಣ್ಯದಿಂದಲೋ ಸ್ಪ್ಯಾನಿಷ್ ಗೊತ್ತಿರಬಹುದಿತ್ತು. ಏನೂ ಇಲ್ಲದಿದ್ದರೆ, ಈ ದರ್ಜಿ ಯಾವ ದೇಶದ ಗೂಢಚಾರನೋ ಎಂದು ಪೊಲೀಸರಾದರೂ ನನ್ನನ್ನು ಒಳಗೆ ಹಾಕಬಹುದಿತ್ತು. ಚಿಂತೆ ಮಾಡುವುದರಲ್ಲಿ ನನಗಿರುವ ಕೈಚಳಕ ಹೊಲಿಗೆಯಲ್ಲೂ ಇದ್ದಿದ್ದರೆ ಕಮರ್ಷಿಯಲ್ ಸ್ಟ್ರೀಟಿನಲ್ಲಿ ನಮ್ಮದೇ ದೊಡ್ಡ ಅಂಗಡಿ ಇರುತ್ತಿತ್ತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರುವುದು ಅದರ ಪಕ್ಕದ ಗಲ್ಲಿಯಲ್ಲಿ.

ದರ್ಜಿಗೆ ಸ್ಪ್ಯಾನಿಷ್ ಯಾಕೆ ಎನ್ನುತ್ತೀರಿ. ನಮ್ಮ ಕಸುಬಿನಲ್ಲಿ ಅಳತೆಯನ್ನು ಕೂಗಬೇಕು. ಟೇಪು ಹಿಡಿದವನ ಎರಡು ಕೈಯೂ ಗಿರಾಕಿಯ ಮೈಮೇಲೆ. ಬರೆದುಕೊಳ್ಳುವವನು ಆಚೆ ಮೇಜಿನ ಹತ್ತಿರ. ನಡುವೆ ಮಿಷನ್ನುಗಳ ಗಡಗಡ. ಪಿಸುಗುಟ್ಟಿದರೆ ಮುನಿಸ್ವಾಮಿಗೆ ಕೇಳುವುದಿಲ್ಲ, ಕೂಗಿದರೆ ಗಿರಾಕಿಯ ಸೊಂಟ ಬೀದಿಗೆಲ್ಲ ಗೊತ್ತಾಗುತ್ತದೆ. ಹಿಂದೆಲ್ಲ ದೊರೆಗಳದ್ದನ್ನು ಕನ್ನಡದಲ್ಲಿ ಕೂಗುತ್ತಿದ್ದೆವು, ನಮ್ಮವರದ್ದನ್ನು ಇಂಗ್ಲಿಷಿನಲ್ಲಿ. ಆದರೆ ಈ ದಂಡು ಪ್ರದೇಶದಲ್ಲಿ ಯಾರಿಗೆ ಯಾವ ಭಾಷೆ ಬರುವುದಿಲ್ಲ? ತಮಿಳಿನಲ್ಲಿ ಕೂಗಿದರೆ ಹೂವಿನವಳು ನಗುತ್ತಾಳೆ, ಉರ್ದುವಿನಲ್ಲಿ ಕೂಗಿದರೆ ಜಟಕಾದವನು ನಗುತ್ತಾನೆ.

ಯುದ್ಧ ಮುಗಿದು ಸೋಲ್ಜರುಗಳು ಊರು ಬಿಟ್ಟ ಮೇಲೆ ಯೂನಿಫಾರಂ ಕೆಲಸ ನಿಂತು, ಅಂಗಡಿ ಮುಚ್ಚುವ ಮಾತು ಬಂದಿತ್ತು. ಅಷ್ಟರಲ್ಲಿ ಕಗ್ಗದಾಸಪುರದ ಗೌಡರು ಮಗಳ ಮದುವೆಗೆ ಮನೆಯ ಗಂಡಸರಿಗೆಲ್ಲ ಕೋಟು ಹೊಲಿಸುತ್ತಾರೆಂದು ಸುದ್ದಿ ಬಂತು. ಹಿಂದೊಮ್ಮೆ ಬೇರೆ ಯಾರೋ ದರ್ಜಿ ನೆಂಟರೆದುರು ಅವರ ಸೊಂಟದ ಅಳತೆ ಕೂಗಿದನೆಂದು ಟೇಪಿನ ಸಮೇತ ಹೊರಟು ಹೋಗಿದ್ದರಂತೆ. "ನಿನ್ನ ಅಂಗಡೀಲೂ ಹಂಗೇ ಆದ್ರೆ ಮತ್ತೆ ಹೊಸಿಲು ತುಳಿಯಲ್ಲ ಕಣಯ್ಯ" ಎಂದು ನನಗೂ ಮೊದಲೇ ಹೇಳಿ ಕಳಿಸಿದರು.

ಆಗ ನೆನಪಾದವರು ನಮ್ಮಲ್ಲಿ ನಿಲುವಂಗಿ ಹೊಲಿಸುತ್ತಿದ್ದ ಸ್ಪೇನಿನ ಪಾದ್ರಿಗಳು. ಹರಿದ ತೋಳಿಗೆ ತೇಪೆ ಹಾಕುವಷ್ಟು ಹೊತ್ತು ಕೂತು, ನಗುತ್ತಲೇ, ಉನೋ, ದೋಸ್, ತ್ರೇಸ್ ಎಂದು ಪಾಠ ಶುರು ಮಾಡಿದರು. ಮೂವತ್ತರವರೆಗೆ ಏರುದಾರಿ, ಆಮೇಲೆ ನಡುವೆ ಒಂದು 'ಇ' ಸಿಕ್ಕಿಸಿ ಬಿಡಿಯಂಕಿ ಸೇರಿಸುತ್ತ ಹೋದರೆ ಸಾಕು, ಕಾಜಕ್ಕೆ ಗುಂಡಿ ಹಾಕಿದಷ್ಟು ಸುಲಭ. ನಾನೂ ಮುನಿಸ್ವಾಮಿಯೂ ಹಲಸೂರು ಕೆರೆ ಏರಿಯ ಮೇಲೆ ಎದುರು ಬಂದವರ ಸೊಂಟವನ್ನೆಲ್ಲ ಅಂದಾಜು ಮಾಡಿ ಸ್ಪ್ಯಾನಿಷಿನಲ್ಲಿ ಕೂಗಿ ಅಭ್ಯಾಸ ಮಾಡಿದೆವು. "ರೀ, ಊಟಕ್ಕೆ ಕೂತ್ರೂ ಜಪ ಮಾಡ್ತೀರಲ್ಲ, ಯಾರ್ರೀ ಅವಳು ಸೆತೆಂತಾ?" ಎಂದು ಮನೆಯಲ್ಲಿ ವಿಚಾರಣೆಯೂ ಆಯಿತು.

ಗೌಡರು ಭಾವಮೈದ, ಅಳಿಯಂದಿರು, ತಮ್ಮಂದಿರನ್ನೆಲ್ಲ ಕಟ್ಟಿಕೊಂಡು ಬಂದರು. ಮೊದಲು ಗೌಡರಿಗೇ ಟೇಪು ಹಿಡಿದೆ. ಎದೆ ನಲವತ್ತು: "ಕ್ವಾರೆಂತಾ!" ಮುನಿಸ್ವಾಮಿ ತಡವರಿಸದೆ ಬರೆದುಕೊಂಡ. ಸೊಂಟ: "ಕ್ವಾರೆಂತಾ ಇ ಕ್ವಾತ್ರೋ!" ಅದನ್ನೂ ಬರೆದುಕೊಂಡ. ಯಾವ ಪೊಲೀಸರೂ ಬರಲಿಲ್ಲ.

ಗೌಡರ ಮುಖ ಮಾತ್ರ ಇಳಿಯಿತು. "ಏನಯ್ಯಾ, ಎದೆಗೆ ಇಷ್ಟೇ ಇಷ್ಟು ಹೇಳ್ದೆ. ಸೊಂಟಕ್ಕೆ ಯಾಕೆ ಅಷ್ಟುದ್ದ?"

"ನೂರು ದಾಟಿರ್ಬೇಕು ಭಾವ" ಎಂದ ಭಾವಮೈದ.

ಗೌಡರು ಸೊಂಟದಿಂದ ಟೇಪು ಬಿಚ್ಚತೊಡಗಿದರು. ಕೋಟುಗಳೆಲ್ಲ ಸಾಲಾಗಿ ಅಂಗಡಿಯಿಂದ ನಡೆದು ಹೋಗುವಂತೆ ಕಂಡಿತು ನನಗೆ.

"ನೂರೆಲ್ಲಿ ಬಂತು ಗೌಡ್ರೇ, ಬರೀ ನಲವತ್ನಾಲ್ಕು!" ಎಂದುಬಿಟ್ಟೆ. ಅಚ್ಚ ಕನ್ನಡದಲ್ಲಿ, ಮಿಷನ್ನಿನ ಸದ್ದು ಮೀರುವ ಗಂಟಲಿನಲ್ಲಿ.

ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಗೌಡರು ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿ, ಅಲ್ಲೇ ಇದ್ದ ಕುರ್ಚಿಯಲ್ಲಿ ಕೂತರು. "ಎಲ್ಲರ ಕೋಟೂ ಇಲ್ಲೇ ಹೊಲಿ. ಆದ್ರೆ ನಕ್ಕ ಇವರೆಲ್ಲರ ಸೊಂಟಾನೂ ಹಿಂಗೇ ಕನ್ನಡದಲ್ಲೇ ಕೂಗ್ಬೇಕು. ಮೊದ್ಲು ನಿಂದ್ರಿಂದ ಶುರುವಾಗ್ಲಿ."

ಅಂಗಡಿ ಉಳಿಯಿತೆಂಬ ಸಂತೋಷದಲ್ಲಿ ಟೇಪನ್ನು ನನ್ನ ಸೊಂಟಕ್ಕೇ ಸುತ್ತಿಕೊಂಡೆ. ಅಂಕಿ ನೋಡಿದೆ. ಉಸಿರು ಒಳಗೆಳೆದು ಇನ್ನೊಮ್ಮೆ ನೋಡಿದೆ. ಆಮೇಲೆ ಮುನಿಸ್ವಾಮಿಯ ಕಡೆ ತಿರುಗಿ, ಆದಷ್ಟು ಮೆಲ್ಲಗೆ, ಸ್ಪ್ಯಾನಿಷಿನಲ್ಲಿ ಹೇಳಿದೆ.